ಮತ್ತೆ ಮತ್ತೆ ಹೋದಾಗ ಸಿಕ್ಕ ಫೋಟೋ: ನನ್ನ ಅನುಭವ

ಒಳ್ಳೆಯ ಟ್ರಾವೆಲ್ ಫೋಟೋ ಮೊದಲ ಸಲ ಹೋದಾಗ ಸಿಗುವುದಿಲ್ಲ. ಮೊದಲ ಸಲ ಸಿಗುವುದು ಎಲ್ಲರಿಗೂ ಸಿಗುವ ಫೋಟೋ. ನಮ್ಮ ಭಾನುವಾರದ ಫೋಟೋ ಗುಂಪಿನಲ್ಲಿ ಇದನ್ನು ಹೇಳಿದಾಗ ಯಾರೂ ಒಪ್ಪಲಿಲ್ಲ. ‘ಹೊಸ ಜಾಗ ನೋಡಿದಾಗ್ಲೇ ಗುರು, ಕಣ್ಣು ಚುರುಕಾಗೋದು’ ಅಂದರು ಒಬ್ಬರು. ‘ಬಸವನಗುಡಿಗೆ ಬಿಎಂಟಿಸಿ ಬಸ್ಸಲ್ಲಿ ಹೋಗಿ ಬರೋದೂ ಟ್ರಾವೆಲ್ಲಾ?’ ಅಂತ ಇನ್ನೊಬ್ಬರು. ಈಗ ಅದೇ ಬಸವನಗುಡಿಯ ಕಡಲೆಕಾಯಿ ಪರಿಷೆಯಲ್ಲಿ ತೆಗೆದ ಚಿತ್ರ ಜಯನಗರದ ಒಂದು ಹೋಟೆಲಿನ ಗೋಡೆಯ ಮೇಲೆ ಮೂರಡಿ ಅಗಲಕ್ಕೆ ನಿಂತಿದೆ. ಒಂದು ಸಲೊನ್‌ನ, ಅಂದರೆ ಫೋಟೋ ಸ್ಪರ್ಧೆಯ, ಟ್ರಾವೆಲ್ ವಿಭಾಗದಲ್ಲಿ ಪದಕವೂ ಬಂತು. ಹಾಗಾಗಿ ಬರೆಯುತ್ತಿದ್ದೇನೆ.

‘ಇದು ಟ್ರಾವೆಲ್ಲಾ’ ಅನ್ನುವ ಮಾತು ಮೊದಲು ಮುಗಿಸುತ್ತೇನೆ. ನಮ್ಮಲ್ಲಿ ತುಂಬಾ ಸಲೊನ್‌ಗಳು ಪಾಲಿಸುವುದು ಅಮೆರಿಕದ ಪಿಎಸ್‌ಎ (ಫೋಟೋಗ್ರಾಫಿಕ್ ಸೊಸೈಟಿ ಆಫ್ ಅಮೆರಿಕ) ನಿಯಮ. ಅದರಲ್ಲಿ ದೂರದ ಲೆಕ್ಕವೇ ಇಲ್ಲ. ಒಂದು ಊರಿನ ಲಕ್ಷಣ, ಅಲ್ಲಿಯ ಸಂಸ್ಕೃತಿ ಚಿತ್ರದಲ್ಲಿ ಸಹಜವಾಗಿ ಕಾಣಬೇಕು. ಫೋಟೋಗಾಗಿ ಜೋಡಿಸಿದ ದೃಶ್ಯ ನಡೆಯುವುದಿಲ್ಲ. ಮುಖದ ಕ್ಲೋಸಪ್ ಆದರೆ ಅದು ಯಾವ ಜಾಗ ಅಂತ ತಿಳಿಸುವ ಏನಾದರೂ ಫ್ರೇಮಿನಲ್ಲಿ ಇರಲೇಬೇಕು. ಈ ಕೊನೆಯ ನಿಯಮವನ್ನು ನಮ್ಮವರು ಜಾಸ್ತಿ ಓದುವುದಿಲ್ಲ. ಸುಕ್ಕುಗಟ್ಟಿದ ಮುಖ, ಹಿಂದೆ ಪೂರ್ತಿ ಮಸುಕು. ಅದು ರಾಜಸ್ಥಾನವೂ ಇರಬಹುದು, ರಾಮನಗರವೂ ಇರಬಹುದು. ಚಿತ್ರ ಚೆನ್ನಾಗಿರುತ್ತದೆ, ಆದರೆ ಊರು ಇರುವುದಿಲ್ಲ.

ದುಡ್ಡಿನ ವಿಷಯಕ್ಕೆ ಬರೋಣ. ಲಡಾಖ್‌ಗೆ ವಿಮಾನ, ಬಾಡಿಗೆ ಬೈಕು, ಬಾಡಿಗೆ ಲೆನ್ಸ್ ಎಲ್ಲಾ ಸೇರಿ ಎಪ್ಪತ್ತು ಸಾವಿರದ ಹತ್ತಿರ ಹೋಯಿತು. ಪ್ಯಾಂಗಾಂಗ್ ಸರೋವರ ನೀಲಿಯಾಗೇ ಇತ್ತು. ಎಲ್ಲರ ಫೋಟೋದಲ್ಲೂ ಅದು ನೀಲಿಯೇ. ಕಾಶಿಗೆ ಮೂವತ್ತು ಸಾವಿರ. ದೋಣಿ, ಮಂಜು, ಹಕ್ಕಿಗಳು. ಎರಡರಿಂದಲೂ ಒಂದೇ ಒಂದು ಪ್ರಿಂಟ್ ಮಾರಾಟವಾಗಲಿಲ್ಲ. ಕಡಲೆಕಾಯಿ ಪರಿಷೆಗೆ ನಾಲ್ಕೈದು ವರ್ಷದಲ್ಲಿ ನಾನು ಖರ್ಚು ಮಾಡಿದ್ದು ಆರೇಳು ಸಾವಿರ ಇರಬಹುದು. ಅದರಲ್ಲೂ ಅರ್ಧದಷ್ಟು ಪ್ರಿಂಟ್ ಹಾಕುವ ಲ್ಯಾಬಿಗೆ ಹೋಗಿದ್ದು.

ಪರಿಷೆಯನ್ನೇ ಹಿಡಿದಿದ್ದಕ್ಕೆ ಕಾರಣ ಇದೆ. ಕಾರ್ತಿಕದ ಕಡೇ ಸೋಮವಾರ ಅಂತ ದಿನ ಗೊತ್ತು. ಚಿಂತಾಮಣಿ, ಕೋಲಾರ, ಮಾಗಡಿ ಕಡೆಯಿಂದ, ಆಚೆ ತಮಿಳುನಾಡಿನಿಂದಲೂ ಬರುವ ವ್ಯಾಪಾರಿಗಳು ವರ್ಷವರ್ಷ ಸುಮಾರಾಗಿ ಅದೇ ಜಾಗದಲ್ಲಿ ಕೂರುತ್ತಾರೆ. ಒಂದೆರಡು ದಿನ ಮೊದಲೇ ಬಂದು ಮೂಟೆ ಪಕ್ಕದಲ್ಲೇ ಮಲಗುತ್ತಾರೆ. ಮತ್ತೆ ಹೋದರೆ ಅವರೇ ಸಿಗುತ್ತಾರೆ. ನನ್ನ ವಿಧಾನಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಬೇಕಾ?

ವಿಧಾನ ಇಷ್ಟೇ. ಮೊದಲ ವರ್ಷ ದೊಡ್ಡ ಆಸೆ ಇಟ್ಟುಕೊಳ್ಳುವುದಿಲ್ಲ. ಕೇಳಿಕೊಂಡು, ನೆಟ್ಟಗೆ ನಿಲ್ಲಿಸಿ, ಮನೆಯಲ್ಲಿ ಇಟ್ಟುಕೊಳ್ಳುವಂಥ ಸಾದಾ ಫೋಟೋ ತೆಗೆಯುತ್ತೇನೆ. ಗಂಡ ಹೆಂಡತಿ, ಮಕ್ಕಳು, ರಾಶಿ. ಮುಂದಿನ ವರ್ಷ ಅದರ ಪ್ರಿಂಟ್ ಹಿಡಿದು ಹೋಗುತ್ತೇನೆ. 6x8 ಸೈಜು, ಮ್ಯಾಟ್ ಪೇಪರು, ಒಂದಕ್ಕೆ ಮೂವತ್ತು ರೂಪಾಯಿ ಆಸುಪಾಸು. ಕಳೆದ ವರ್ಷದವರು ಸಿಗದಿದ್ದರೆ ಪಕ್ಕದವರ ಹತ್ತಿರ ಕೊಡುತ್ತೇನೆ, ಅದು ಊರು ಸೇರುತ್ತದೆ. ಪ್ರಿಂಟ್ ಕೊಟ್ಟ ಮೇಲೆ ಒಂದು ಗಂಟೆ ಕ್ಯಾಮೆರಾ ಎತ್ತುವುದಿಲ್ಲ. ಟೀ ಕುಡಿಯುತ್ತೇನೆ, ಮೂಟೆ ಇಳಿಸಲು ಕೈ ಜೋಡಿಸುತ್ತೇನೆ. ಫೋಟೋ ಕೈಯಿಂದ ಕೈಗೆ ಹೋಗುತ್ತದೆ, ಆಚೆ ಸಾಲಿನವರೂ ಬಂದು ನೋಡುತ್ತಾರೆ. ಆಮೇಲೆ ನಾನು ಅಲ್ಲಿರುವುದೇ ಅವರಿಗೆ ಮರೆತುಹೋಗುತ್ತದೆ. ವಾಟ್ಸಾಪಿನಲ್ಲಿ ಕಳಿಸಿದರೆ ಈ ಕೆಲಸ ಆಗುವುದಿಲ್ಲ. ಅದನ್ನೂ ಪ್ರಯತ್ನಿಸಿ ನೋಡಿದ್ದೇನೆ.

ಅಷ್ಟಾದರೂ ಫೋಟೋ ಬೇಗ ಬರಲಿಲ್ಲ. ಒಂದು ವರ್ಷ ಯಾರಿಗೂ ತೊಂದರೆಯಾಗದಿರಲಿ ಅಂತ ಸೈಲೆಂಟ್ ಶಟರ್ ಹಾಕಿದ್ದೆ. ಈಗ ಅಂಗಡಿಗಳಲ್ಲಿ ಹೆಚ್ಚಾಗಿ ಎಲ್‌ಇಡಿ ಬಲ್ಬು. ನಮ್ಮ ಕರೆಂಟು 50 ಹರ್ಟ್ಸ್, ಅಗ್ಗದ ಬಲ್ಬು ಸೆಕೆಂಡಿಗೆ ನೂರು ಸಲ ಮಿನುಗುತ್ತದೆ. ಸೈಲೆಂಟ್ ಶಟರ್ ಚಿತ್ರವನ್ನು ಸಾಲುಸಾಲಾಗಿ ಓದುವುದರಿಂದ ಆ ಮಿನುಗು ಗೆರೆಯಾಗಿ ಬೀಳುತ್ತದೆ. ಒಳ್ಳೊಳ್ಳೆಯ ಫ್ರೇಮುಗಳ ತುಂಬಾ ಅಡ್ಡಗೆರೆ. ಅವತ್ತಿನಿಂದ ಬಲ್ಬಿನ ಬೆಳಕಿದ್ದರೆ ಮೆಕ್ಯಾನಿಕಲ್ ಶಟರ್, 1/100 ಇಲ್ಲವೇ 1/50 ಸೆಕೆಂಡು. ಇನ್ನೊಂದು ವರ್ಷ ಮಳೆ. ರಸ್ತೆ ತುಂಬಾ ಟಾರ್ಪಾಲು, ಕೆಸರು. ವ್ಯಾಪಾರಿಗಳ ಮುಖ ನೋಡಿ ಕ್ಯಾಮೆರಾ ಚೀಲದಲ್ಲೇ ಇಟ್ಟೆ. ಅವರ ಮಾಲು ನೆನೆಯುತ್ತಿದ್ದಾಗ ಫೋಟೋ ಕೇಳುವ ಮನಸ್ಸಾಗಲಿಲ್ಲ.

ಬೆಳಕಿನ ಬಗ್ಗೆ ಒಂದು ಮಾತು. ಯುರೋಪಿನವರ ವಿಡಿಯೋ ನೋಡಿ ಗೋಲ್ಡನ್ ಅವರ್, ಅಂದರೆ ಸೂರ್ಯ ಹುಟ್ಟುವ, ಮುಳುಗುವ ಹೊತ್ತಿನ ಹೊಂಬೆಳಕು, ಪೂರ್ತಿ ಗಂಟೆ ಇರುತ್ತದೆ ಅಂದುಕೊಳ್ಳುತ್ತೇವೆ. ಬೆಂಗಳೂರು ಇರುವುದು 13 ಡಿಗ್ರಿ ಅಕ್ಷಾಂಶದಲ್ಲಿ. ಇಲ್ಲಿ ಸೂರ್ಯ ಹೆಚ್ಚು ವಾಲದೆ ನೆಟ್ಟಗೆ ಮೇಲೇರುತ್ತಾನೆ. ಮೆತ್ತನೆ ಬೆಳಕು ಅರ್ಧ ಗಂಟೆ ಸಿಕ್ಕರೆ ಹೆಚ್ಚು. ಅದಕ್ಕೂ ಮೊದಲಿನ ನೀಲಿ ಹೊತ್ತು ಹದಿನೈದು ಇಪ್ಪತ್ತು ನಿಮಿಷ. ಪರಿಷೆಯ ಸಮಯದಲ್ಲಿ ಸೂರ್ಯ ಹುಟ್ಟುವುದು ಆರೂಕಾಲು ದಾಟಿದ ಮೇಲೆ. ಅಂದರೆ ಐದೂವರೆಗೆ ನೀವು ಜಾಗದಲ್ಲಿ ನಿಂತಿರಬೇಕು, ಹಿನ್ನೆಲೆ ಆರಿಸಿಯಾಗಿರಬೇಕು. ಹುಡುಕಾಡುವಷ್ಟು ಸಮಯ ಈ ಊರಿನಲ್ಲಿ ಸಿಗುವುದಿಲ್ಲ.

ಆ ಫೋಟೋ ಬಂದಿದ್ದು ಹೀಗೆ. ಮೂರು ವರ್ಷದಿಂದ ಪರಿಚಯವಿದ್ದ ಒಬ್ಬ ಅಕ್ಕ. ‘ಬಂದ್ಯಾ ಅಣ್ಣಾ, ಈ ಸಲ ಮೊಮ್ಮಗೂದೂ ತೆಗೀಬೇಕು’ ಅಂದರು. ಪ್ರಿಂಟ್ ಕೊಟ್ಟೆ, ಮಗುವಿನ ಫೋಟೋ ತೆಗೆದೆ. ಆಮೇಲೆ ಅವರು ತಮ್ಮ ಪಾಡಿಗೆ ಕಾಯಿಯನ್ನು ಮೊರದಲ್ಲಿ ತೂರಲು ಶುರು ಮಾಡಿದರು. ಹಿಂದೆ ಹಳೆಯ ಹಳದಿ ಬಲ್ಬು. ಮಣ್ಣಿನ ಧೂಳು ಎದ್ದು ಬೆಳಕು ಪೂರ್ತಿ ಅದರಲ್ಲಿ ನಿಂತಿತು. ಮೂಟೆ ಮೇಲೆ ಗಂಡ ಮಲಗಿದ್ದರು, ಕಂಬಳಿಯಿಂದ ಒಂದು ಕಾಲು ಹೊರಗೆ. ಮೇಲೆ ನೀಲಿ ಆಕಾಶ, ಅದರಲ್ಲಿ ದೊಡ್ಡ ಬಸವಣ್ಣನ ಗುಡಿಯ ಗೋಪುರ, ಗುರುತು ಸಿಗುವಷ್ಟೇ ಮಸುಕು. ಕ್ಯಾಮೆರಾ ಸೆಟ್ಟಿಂಗ್: 35 ಎಂಎಂ ಲೆನ್ಸ್, ಎಫ್ 4 ಇರಬೇಕು, 1/100, ಐಎಸ್‌ಒ ಮೂರು ಸಾವಿರದ ಹತ್ತಿರ. ಬಣ್ಣದ ಹದ ಹೊಂದಿಸುವ ವೈಟ್ ಬ್ಯಾಲೆನ್ಸ್ ನಾಲ್ಕು ಸಾವಿರ ಕೆಲ್ವಿನ್‌ಗೆ ಕೈಯಾರೆ ಇಟ್ಟಿದ್ದೆ. ಆಗ ಬಲ್ಬು ಹಳದಿಯಾಗೇ ಉಳಿಯುತ್ತದೆ, ಆಕಾಶ ನೀಲಿಗೆ ತಿರುಗುತ್ತದೆ. ಆಟೋ ಮೋಡ್‌ನಲ್ಲಿ ಬಿಟ್ಟರೆ ಎರಡೂ ಸಪ್ಪೆ. ಅಕ್ಕ ಒಂದು ಸಲವೂ ನನ್ನ ಕಡೆ ನೋಡಲಿಲ್ಲ. ನಾನು ನಿಂತ ಮೂಲೆ ಯಾವುದು, ಗೋಪುರ ಅಷ್ಟು ದೊಡ್ಡದಾಗಿ ಹೇಗೆ ಬಂತು ಅಂತ ಎಲ್ಲರೂ ಕೇಳುತ್ತಾರೆ. ಅದನ್ನು ಮಾತ್ರ ಹೇಳುವುದಿಲ್ಲ.

ಹೋಟೆಲಿನವರು ಹದಿನೆಂಟು ಸಾವಿರ ಕೊಟ್ಟರು. ಒಂದು ಕ್ಯಾಲೆಂಡರ್ ಕಂಪನಿ ಇಪ್ಪತ್ತೈದು ಸಾವಿರ ಅಂತ ಒಪ್ಪಿಕೊಂಡು ಹತ್ತು ಮಾತ್ರ ಕೊಟ್ಟಿತು, ಉಳಿದದ್ದಕ್ಕೆ ಫೋನೇ ಎತ್ತುವುದಿಲ್ಲ. ಫೈಲ್ ಕೊಡುವ ಮೊದಲು ಪೂರ್ತಿ ದುಡ್ಡು ಎಣಿಸಿಕೊಳ್ಳಿ.

ಬರೀ ಮತ್ತೆ ಮತ್ತೆ ಹೋದರೆ ಸಾಕಾ? ಹಂಪಿಯಲ್ಲಿ ಪರೀಕ್ಷೆ ಮಾಡಿದೆ. ಗ್ರೀನ್‌ಲಾ ಎಂಬ ಸೇನಾಧಿಕಾರಿ 1856ರಲ್ಲಿ ಮೇಣದ ಕಾಗದದ ನೆಗೆಟಿವ್‌ನಲ್ಲಿ ಹಂಪಿಯನ್ನು ತೆಗೆದಿದ್ದ. 1983ರಲ್ಲಿ ಆಸ್ಟ್ರೇಲಿಯಾದ ಫೋಟೋಗ್ರಾಫರ್ ಜಾನ್ ಗಾಲಿಂಗ್ಸ್ ಅದೇ ಜಾಗಗಳಲ್ಲಿ ನಿಂತು ಮತ್ತೆ ತೆಗೆದರು. ನಾನೂ ಕೆಲವು ಕೋನ ಹುಡುಕಿ ನಿಂತೆ. ರಾತ್ರಿ ರೈಲಿನಲ್ಲಿ ಹೋದರೆ ಹೊಸಪೇಟೆ ತಲುಪುವ ಹೊತ್ತಿಗೆ ಬೆಳಕು ಗಟ್ಟಿಯಾಗಿರುತ್ತದೆ, ಹಾಗಾಗಿ ಪ್ರತಿ ಸಲವೂ ಒಂದು ರಾತ್ರಿ ಅಲ್ಲೇ ಉಳಿಯಬೇಕು. ಚಿತ್ರಗಳು ದಾಖಲೆಯಾಗಿ ಚೆನ್ನಾಗಿವೆ. ಆದರೆ ಗೋಡೆಗೆ ಹಾಕುವಂಥದ್ದು ಒಂದೂ ಇಲ್ಲ. ಕಲ್ಲಿಗೆ ನನ್ನ ಪರಿಚಯ ಬೇಕಿಲ್ಲ, ಮನುಷ್ಯರಿಗೆ ಬೇಕು. ಅಲ್ಲಿಂದ ಆನೆಗೊಂದಿಗೆ ದಾಟಿ ಹರಿಗೋಲಿನವರಿಗೆ ಪ್ರಿಂಟ್ ಕೊಡಲು ಶುರು ಮಾಡಿದ ಮೇಲೆ ಕೆಲಸ ಸರಿಹೋಗುತ್ತಿದೆ.

ಕೆ.ಆರ್. ಮಾರುಕಟ್ಟೆಯಲ್ಲೂ ಅಷ್ಟೇ. ಮಹಡಿಯಿಂದ ಕೆಳಗೆ ಚೆಂಡುಹೂವಿನ ರಾಶಿ ತೆಗೆಯುವುದನ್ನು ಬಿಟ್ಟಿದ್ದೇನೆ. ಆ ಫೋಟೋ ಈ ಊರಿನ ಪ್ರತಿ ಕ್ಯಾಮೆರಾದಲ್ಲೂ ಇದೆ. ಬೆಳಗಿನ ಜಾವ ನಾಲ್ಕಕ್ಕೆ ಕೆಳಗೆ ಹೋಗಿ ಹಮಾಲರಿಗೆ ಅವರ ಪ್ರಿಂಟ್ ಕೊಟ್ಟು ನೋಡಿ.

ಈಗ ಕಣ್ಣು ಬೆಂಗಳೂರಿನ ಕರಗದ ಹಬ್ಬದ ಮೇಲಿದೆ. ಚೈತ್ರ ಹುಣ್ಣಿಮೆಯ ರಾತ್ರಿ, ಓಡುವ ಜನ, ಟ್ಯೂಬ್‌ಲೈಟು, ಕತ್ತಿ ಹಿಡಿದ ವೀರಕುಮಾರರು. ಅವತ್ತು ಯಾರ ಪರಿಚಯ ಮಾಡಿಕೊಳ್ಳಲೂ ಆಗುವುದಿಲ್ಲ. ಅದಕ್ಕೆ ಹೋದ ವರ್ಷ ತಿಗಳರಪೇಟೆಯಲ್ಲಿ, ಕರಗ ಹೋಗುವ ಮಸ್ತಾನ್ ಸಾಹೇಬರ ದರ್ಗಾದ ಹತ್ತಿರ ಬರೀ ಸಾದಾ ಫೋಟೋ ತೆಗೆದು ಬಂದೆ. ಅವುಗಳ ಪ್ರಿಂಟ್ ಲ್ಯಾಬಿನಲ್ಲಿ ತಯಾರಾಗಿದೆ. ಹಬ್ಬಕ್ಕೆ ಒಂದು ವಾರ ಮೊದಲೇ ಹೋಗಿ ಹಂಚುತ್ತೇನೆ.