ಹಳೇ ಕ್ಲಾಸ್‌ಮೇಟ್‌ಗಳು ಮತ್ತೆ ಸೇರಬೇಕೆ? ಹಾಜರಿ ಪುಸ್ತಕದಿಂದ ಶುರು ಮಾಡಿ

‘ಒಂದ್ಸಲ ಎಲ್ಲರೂ ಸೇರೋಣ ಕಣ್ರೋ’ ಎಂಬ ಮಾತು ಹಳೇ ಗೆಳೆಯರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಆಗಾಗ ಬರುತ್ತದೆ. ಹತ್ತು ಜನ ಹೂಂ ಅನ್ನುತ್ತಾರೆ. ಮಾತು ಅಲ್ಲಿಗೇ ನಿಲ್ಲುತ್ತದೆ. ನಮ್ಮದೂ ಆರು ವರ್ಷ ಹಾಗೇ ನಿಂತಿತ್ತು. ಬಸವನಗುಡಿ ಕಡೆಯ ಕನ್ನಡ ಮಾಧ್ಯಮ ಶಾಲೆ, 1999ರಲ್ಲಿ ಎಸ್ಸೆಸ್ಸೆಲ್ಸಿ ಬರೆದ ಬ್ಯಾಚು. ಕೊನೆಗೆ 2024ರ ಡಿಸೆಂಬರ್ 22ರ ಭಾನುವಾರ ಸೇರಿದೆವು. ಬೆಂಗಳೂರಿನಲ್ಲಿ ಇದನ್ನು ಮಾಡಹೊರಟವರಿಗೆ ನಮ್ಮ ಅನುಭವ ಉಪಯೋಗಕ್ಕೆ ಬರಲಿ ಎಂದು ಬರೆಯುತ್ತಿದ್ದೇನೆ.

ಮೊದಲು ಹೆಸರು ಹುಡುಕಿ

ಛತ್ರ, ಊಟ, ಶಾಲು ಎಲ್ಲ ಆಮೇಲೆ. ಮೊದಲ ತಿಂಗಳು ಪೂರ್ತಿ ಜನರನ್ನು ಹುಡುಕುವುದಕ್ಕೇ ಇಡಿ. ನಮ್ಮ ಗುಂಪಿನಲ್ಲಿ 27 ಜನ ಇದ್ದರು. ನಮ್ಮ ಕ್ಲಾಸೆಂದರೆ ಇಷ್ಟೇ ಅಂದುಕೊಂಡಿದ್ದೆವು. ಶಾಲೆಗೆ ಹೋಗಿ ನೋಡಿದರೆ ಪಟ್ಟಿಯಲ್ಲಿ 58 ಹೆಸರು!

ಮುಖ್ಯೋಪಾಧ್ಯಾಯರಿಗೆ ಒಂದು ಪತ್ರ ಬರೆದುಕೊಂಡು, ಇಬ್ಬರು ಮೂವರು ಒಟ್ಟಿಗೆ ಹೋಗಿ. ಹಳೇ ಹಾಜರಿ ಪುಸ್ತಕ ಸಿಕ್ಕದಿದ್ದರೆ ದಾಖಲಾತಿ ಪುಸ್ತಕ ಕೇಳಿ. ಟಿ.ಸಿ. ಕೊಡುವುದು ಅದರ ಆಧಾರದ ಮೇಲೇ, ಹಾಗಾಗಿ ಶಾಲೆಯವರು ಅದನ್ನು ಜೋಪಾನವಾಗಿ ಇಟ್ಟಿರುತ್ತಾರೆ. ಆದರೆ ಅದರಲ್ಲಿ ಜಾತಿ, ಹುಟ್ಟಿದ ದಿನ, ತಂದೆ ತಾಯಿಯ ವಿವರ ಎಲ್ಲ ಇರುತ್ತದೆ. ಮೊಬೈಲಿನಲ್ಲಿ ಫೋಟೊ ಹೊಡೆದು ಗುಂಪಿಗೆ ಹಾಕಬೇಡಿ. ಅಲ್ಲೇ ಕೂತು ಹೆಸರುಗಳನ್ನಷ್ಟೇ ನೋಟ್‌ಬುಕ್ಕಿಗೆ ಇಳಿಸಿಕೊಳ್ಳಿ.

ಒಂಬತ್ತಕ್ಕೇ ಶಾಲೆ ಬಿಟ್ಟವರನ್ನು, ಹತ್ತರಲ್ಲಿ ಫೇಲಾದವರನ್ನು ಪಟ್ಟಿಯಿಂದ ಬಿಡಬೇಡಿ. ನಾನು ತುಂಬಾ ಒತ್ತಿ ಹೇಳುವುದು ಇದೊಂದನ್ನೇ. ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದ ಗೆಳೆಯನೊಬ್ಬ ಕೆ.ಆರ್. ಮಾರ್ಕೆಟ್ ಹತ್ತಿರ ಲಗೇಜ್ ಆಟೊ ಓಡಿಸುತ್ತಾನೆಂದು ಗೊತ್ತಾಯಿತು. ಬೆಳಿಗ್ಗೆ ಆರಕ್ಕೆ ನಾವಿಬ್ಬರು ಹೋಗಿ ಹಿಡಿದೆವು. ಗಾಡಿ ತುಂಬಾ ಎಲೆಕೋಸಿನ ಮೂಟೆ. ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ‘ನಾನು ಫೇಲ್ ಆಗಿದ್ದೆ ಕಣೋ. ನನ್ನನ್ನೂ ಬ್ಯಾಚಿಗೆ ಸೇರಿಸ್ತೀರಾ?’ ಎಂದು ಕೇಳಿದ. ನಮ್ಮಿಬ್ಬರಿಗೂ ಮಾತೇ ಹೊರಡಲಿಲ್ಲ. ಇಪ್ಪತ್ತೈದು ವರ್ಷ ಅವನು ಹಾಗೇ ಅಂದುಕೊಂಡಿದ್ದ.

ಹೆಣ್ಣುಮಕ್ಕಳನ್ನು ಹುಡುಕುವುದು ಇನ್ನೂ ಕಷ್ಟ. ಮದುವೆಯಾದ ಮೇಲೆ ಇನಿಷಿಯಲ್ ಬದಲಾಗಿರುತ್ತದೆ, ಫೇಸ್‌ಬುಕ್ಕಿನಲ್ಲಿ ಗಂಡನ ಹೆಸರು ಸೇರಿರುತ್ತದೆ. ತವರಿನ ಬೀದಿಗೇ ಹೋಗಿ. ಹಿಟ್ಟಿನ ಗಿರಣಿ, ದಿನಸಿ ಅಂಗಡಿ, ಟೈಲರ್ ಅಂಗಡಿ, ಹೂವಿನವರು, ಇವರಿಗೆ ಆ ಬೀದಿಯಿಂದ ಮದುವೆಯಾಗಿ ಹೋದವರ ಸುದ್ದಿ ಗೊತ್ತಿರುತ್ತದೆ. ಅಣ್ಣನೋ ತಮ್ಮನೋ ಸಿಕ್ಕರೆ ಗೆಳತಿಯ ನಂಬರ್ ಕೇಳಬೇಡಿ, ನಿಮ್ಮ ನಂಬರ್ ಕೊಟ್ಟು ಬನ್ನಿ. ಫೋನ್ ಮಾಡುವುದಕ್ಕೂ ಒಬ್ಬ ಗೆಳತಿಯೇ ಇರಲಿ. ಒಪ್ಪಿಗೆ ಕೇಳದೆ ಯಾರ ನಂಬರನ್ನೂ ಗುಂಪಿಗೆ ಸೇರಿಸಬಾರದು.

ಹೀಗೆ ಎರಡು ತಿಂಗಳಲ್ಲಿ 50 ಜನ ಸಿಕ್ಕರು. ಐವರು ಇನ್ನೂ ಸಿಕ್ಕಿಲ್ಲ. ಮೂವರು ತೀರಿಕೊಂಡಿದ್ದರು.

ದಿನ ಗೊತ್ತು ಮಾಡುವುದು

ಪಂಚಾಂಗ ತೆಗೆದು ಮದುವೆ ಇಲ್ಲದ ತಿಂಗಳು ನೋಡಿ. ಆಷಾಢದಲ್ಲಿ ಮತ್ತು ಧನುರ್ಮಾಸದಲ್ಲಿ ಛತ್ರಗಳು ಖಾಲಿ ಇರುತ್ತವೆ, ಅಡುಗೆಯವರೂ ಸಿಗುತ್ತಾರೆ, ಬಾಡಿಗೆಯಲ್ಲಿ ಚೌಕಾಸಿಗೂ ಜಾಗ ಇರುತ್ತದೆ. ಎರಡರಲ್ಲಿ ನನ್ನ ಓಟು ಧನುರ್ಮಾಸಕ್ಕೆ. ಡಿಸೆಂಬರ್ ಕೊನೆಯಲ್ಲಿ ಮಳೆಯ ಕಾಟ ಕಡಿಮೆ, ಅಮೆರಿಕ, ದುಬೈ ಕಡೆ ಇರುವವರೂ ಕ್ರಿಸ್‌ಮಸ್ ರಜಕ್ಕೆ ಊರಿಗೆ ಬಂದಿರುತ್ತಾರೆ. ಮಾರ್ಚ್, ಏಪ್ರಿಲ್ ಬೇಡವೇ ಬೇಡ. ಈಗ ನಮ್ಮ ಮಕ್ಕಳು ಎಸ್ಸೆಸ್ಸೆಲ್ಸಿ, ಪಿಯುಸಿ ಬರೆಯುವ ಕಾಲ, ಅಲ್ವಾ?

ಶಾಲೆಯಲ್ಲೇ ಸೇರುವುದಾದರೆ ಆ ಭಾನುವಾರ ಅಲ್ಲಿ ಪರೀಕ್ಷಾ ಕೇಂದ್ರ ಇದೆಯೇ ಎಂದು ಮೊದಲೇ ಕೇಳಿ. ಸ್ಪರ್ಧಾತ್ಮಕ ಪರೀಕ್ಷೆಗಳು ಹೆಚ್ಚಾಗಿ ನಡೆಯುವುದು ಭಾನುವಾರ, ಶಾಲೆ ಕಟ್ಟಡಗಳಲ್ಲೇ. ಸರ್ಕಾರಿ ಶಾಲೆಯಾದರೆ ಮುಖ್ಯೋಪಾಧ್ಯಾಯರ ಜೊತೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಅಧ್ಯಕ್ಷರಿಗೂ ಒಂದು ಮಾತು ಹೇಳಿ.

ಜಾಗ, ಸಮಯ

ಬೆಳಿಗ್ಗೆ ಶಾಲೆ, ಮಧ್ಯಾಹ್ನದ ಊಟಕ್ಕೆ ಹತ್ತಿರದ ಸಣ್ಣ ಛತ್ರ. ಇದು ನಮಗೆ ಚೆನ್ನಾಗಿ ಒಗ್ಗಿತು. ಊರಾಚೆಯ ರೆಸಾರ್ಟ್ ಮಾತು ಬಂತು, ಬಿಟ್ಟೆವು. ಕಾರಿಲ್ಲದವರು ಅಲ್ಲಿಗೆ ಬರುವುದು ಹೇಗೆ? ಮೆಟ್ರೊ ಹತ್ತಿರ ಇರುವ ಜಾಗ ನೋಡಿ. ವೈಟ್‌ಫೀಲ್ಡ್ ಕಡೆಯವರು ನೇರಳೆ ಮಾರ್ಗದಲ್ಲಿ ಬಂದು ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿ, ನ್ಯಾಷನಲ್ ಕಾಲೇಜ್ ಸ್ಟೇಷನ್ನಿನಲ್ಲಿ ಇಳಿದರು.

ಬೆಳಿಗ್ಗೆ ಹತ್ತಕ್ಕೆ ಶುರು, ನಾಲ್ಕಕ್ಕೆ ಮುಕ್ತಾಯ. ಸಂಜೆ ಕಾರ್ಯಕ್ರಮ ಇಟ್ಟರೆ ಹೆಣ್ಣುಮಕ್ಕಳಲ್ಲಿ ಅರ್ಧ ಜನ ಬರುವುದಿಲ್ಲ. ಗುಂಡಿನ ಪಾರ್ಟಿ ಬೇಕಾದವರು ಬೇರೆ ದಿನ ಮಾಡಿಕೊಳ್ಳಲಿ.

ದುಡ್ಡಿನ ವಿಷಯ

ಇಲ್ಲಿ ನಾವು ತಪ್ಪು ಮಾಡಿದೆವು. ‘ತಲೆಗೆ 2,000 ರೂಪಾಯಿ’ ಎಂದು ಗುಂಪಿನಲ್ಲಿ ಹಾಕಿದ ರಾತ್ರಿಯೇ ಇಬ್ಬರು ಸುಮ್ನೆ ಗುಂಪು ಬಿಟ್ಟರು. ಕಾರಣ ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಮಾರನೇ ದಿನ ಆ ಮೆಸೇಜು ಅಳಿಸಿದೆವು. ಅವರಿಬ್ಬರ ಮನೆಗೇ ಹೋಗಿ ಕರೆದು ಬಂದೆವು.

ಆಮೇಲೆ ಮಾಡಿದ ನಿಯಮ ಇದು. ಖಜಾಂಚಿ ಒಬ್ಬರೇ. ಯಾರು ಎಷ್ಟು ಬೇಕಾದರೂ ಕೊಡಲಿ, ಕೊಡದಿದ್ದರೂ ಬರಲಿ. ಯಾರು ಎಷ್ಟು ಕೊಟ್ಟರು ಎಂಬುದು ಖಜಾಂಚಿಗೆ ಮಾತ್ರ ಗೊತ್ತಿರಬೇಕು, ಗುಂಪಿಗೆ ಒಟ್ಟು ಮೊತ್ತ ತಿಳಿದರೆ ಸಾಕು. ಜಾಸ್ತಿ ಕೊಟ್ಟವರ ಹೆಸರನ್ನು ಮೈಕಿನಲ್ಲಿ ಓದಲೇಬೇಡಿ.

ಅಡುಗೆಯವರು ಎಲೆ ಲೆಕ್ಕದಲ್ಲಿ ದುಡ್ಡು ತೆಗೆದುಕೊಳ್ಳುತ್ತಾರೆ. ಬರ್ತೀನಿ ಎಂದವರೆಲ್ಲ ಬರುವುದಿಲ್ಲ. ನಮ್ಮಲ್ಲಿ 46 ಜನ ಹೇಳಿದ್ದರು, 39 ಮಂದಿ ಬಂದರು. ಹಾಗೆಂದು ಎಲೆ ಕಡಿಮೆ ಹೇಳಬೇಡಿ. ಮೇಷ್ಟ್ರು, ಅವರನ್ನು ಕರೆತಂದ ಮಗನೋ ಮಗಳೋ, ಡ್ರೈವರ್, ಫೋಟೊದವರು, ಗೇಟು ತೆಗೆದ ಅಟೆಂಡರ್, ಎಲ್ಲರೂ ಉಣ್ಣಬೇಕು. ಒಬ್ಬಟ್ಟು, ಕೋಸಂಬರಿ, ಬಿಸಿಬೇಳೆಬಾತ್, ಮೊಸರನ್ನ ಇದ್ದರೆ ಸಾಕು.

ಮೇಷ್ಟ್ರು, ಮಿಸ್ಸುಗಳು

ಕರೆಯುವುದಕ್ಕೆ ಮನೆಗೇ ಹೋಗಿ. ಕರೆತರಲು, ಬಿಟ್ಟುಬರಲು ಒಬ್ಬೊಬ್ಬರಿಗೂ ಒಬ್ಬ ಹಳೇ ವಿದ್ಯಾರ್ಥಿ ಜೊತೆಗಿರಲಿ. ನಮ್ಮ ಆರು ಮಂದಿ ಗುರುಗಳಲ್ಲಿ ನಾಲ್ವರಿಗೆ ಎಪ್ಪತ್ತು ದಾಟಿತ್ತು. ಕಾರ್ಯಕ್ರಮ ನೆಲಮಹಡಿಯಲ್ಲೇ ಇರಬೇಕು. ಕೈ ಊರಿ ಏಳುವಂಥ ಕುರ್ಚಿ, ಹತ್ತಿರದಲ್ಲೇ ಶೌಚಾಲಯ, ಸಕ್ಕರೆ ಇಲ್ಲದ ಕಾಫಿ ಬೇಕು. ಶುಗರ್ ಮಾತ್ರೆ ನುಂಗುವವರಿಗೆ ಒಂದು ಗಂಟೆಗೆ ಎಲೆ ಹಾಕಿರಬೇಕು, ಭಾಷಣ ಮುಗಿಯಲಿ ಎಂದು ಕಾಯಿಸಬಾರದು. ಶಾಲು, ಹಾರ, ಹಣ್ಣು ಇರಲಿ. ಗಾಜಿನ ದೊಡ್ಡ ನೆನಪಿನ ಕಾಣಿಕೆ ಬೇಡ, ಅದನ್ನು ಇಡಲು ಅವರ ಮನೆಯಲ್ಲಿ ಜಾಗ ಇರುವುದಿಲ್ಲ. ನಾವು ಹಳೇ ಗ್ರೂಪ್ ಫೋಟೊವನ್ನು ದೊಡ್ಡದು ಮಾಡಿಸಿ, ಹಿಂದುಗಡೆ ಎಲ್ಲರ ಹೆಸರು ಬರೆಸಿ ಕೊಟ್ಟೆವು.

ಆ ದಿನ ಹಾಜರಿ ಕರೆಸಿ

ಬೇರೆ ಏನು ಬಿಟ್ಟರೂ ಇದನ್ನು ಬಿಡಬೇಡಿ. ಎಲ್ಲರೂ ತಮ್ಮ ಹಳೇ ಕ್ಲಾಸಿನಲ್ಲಿ, ಹಳೇ ಜಾಗದಲ್ಲೇ ಕೂರಲಿ, ಮೇಷ್ಟ್ರು ಹಾಜರಿ ಕರೆಯಲಿ. ವೇದಿಕೆಗೆ ಕರೆದು ‘ಈಗ ಏನು ಮಾಡ್ತಿದ್ದೀರಿ’ ಎಂದು ಒಬ್ಬೊಬ್ಬರನ್ನೇ ಕೇಳುವ ಪದ್ಧತಿ ಬೇಡ. ಕಂಪನಿ, ಹುದ್ದೆ, ಸೈಟು ಎಂದು ಮೂರು ಜನ ಹೇಳಿದರೆ ನಾಲ್ಕನೆಯವರು ಬಾಯಿ ತೆಗೆಯಲು ಹಿಂಜರಿಯುತ್ತಾರೆ. ಹಾಜರಿ ಕರೆದರೆ ಎಲ್ಲರ ಉತ್ತರವೂ ಒಂದೇ.

ತೀರಿಕೊಂಡವರ ಹೆಸರನ್ನು ಮೇಷ್ಟ್ರಿಗೆ ಮೊದಲೇ ತಿಳಿಸಿರಿ. ಅವರು ಗಾಬರಿಯಾಗಬಾರದು. ನಮ್ಮ ಕನ್ನಡ ಮೇಷ್ಟ್ರಿಗೆ ಹಿಂದಿನ ದಿನವೇ ಹೇಳಿದ್ದೆವು. ಆದರೂ ಅವರು 17ನೇ ನಂಬರಿನ ಹೆಸರನ್ನು ಬಿಡದೆ ಕರೆದರು. ಕನ್ನಡಕ ತೆಗೆದು, ಆ ಖಾಲಿ ಜಾಗ ನೋಡುತ್ತಾ ಸ್ವಲ್ಪ ಹೊತ್ತು ನಿಂತರು. ಆಮೇಲೆ ‘ಹದಿನೆಂಟು’ ಎಂದರು. 31 ಬಂದಾಗ ಕೊನೆಯ ಬೆಂಚಿನಿಂದ ಮಾರ್ಕೆಟ್ಟಿನ ಗೆಳೆಯ ಎದ್ದು ನಿಂತು, ‘ಎಸ್ ಸಾರ್’ ಎಂದು ಜೋರಾಗಿ ಕೂಗಿದ.

ಆಮೇಲೆ

ಒಂದು ವಾರದೊಳಗೆ ಲೆಕ್ಕ ಒಪ್ಪಿಸಿ, ಬಿಲ್ಲುಗಳ ಸಮೇತ. ನಮ್ಮಲ್ಲಿ ಉಳಿದ 6,400 ರೂಪಾಯಿಯನ್ನು ಶಾಲೆಯ ಕುಡಿಯುವ ನೀರಿನ ಫಿಲ್ಟರ್ ರಿಪೇರಿಗೆ ಕೊಟ್ಟೆವು. ಬರಲಾಗದ 11 ಜನಕ್ಕೆ ಫೋಟೊದ ಪ್ರಿಂಟು ತೆಗೆಸಿ ಅಂಚೆಯಲ್ಲಿ ಕಳಿಸಿದೆವು. ಸಿಗದ ಐವರ ಹೆಸರು ನನ್ನ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಇನ್ನೂ ಇದೆ. ಅದರಲ್ಲಿ ಒಬ್ಬಳ ತವರು ಹನುಮಂತನಗರದಲ್ಲಿತ್ತಂತೆ. ಬರುವ ಭಾನುವಾರ ಆ ಕಡೆ ಹೋಗಿ ಕೇಳಿ ಬರಬೇಕು.