ಹುಡುಗುನ್ನ ಪೊಲೀಸ್ರು ಕರ್ಕೊಂಡ್ಹೋದ್ರ ಮನಿಯವ್ರು ಮೊದ್ಲ ಏನ್ ಮಾಡ್ಬೇಕು

ಹಳೇ ಹುಬ್ಬಳ್ಳ್ಯಾಗ ನಮ್ಮ ಓಣಿ ಹುಡುಗುನ್ನ ಬೈಕ್ ಕಳವಿನ ಕೇಸ್ನ್ಯಾಗ ಸ್ಟೇಷನ್‌ಗೆ ಒಯ್ದಿದ್ರು, ಅವ್ರವ್ವ ಅಳಕೋತ ನಮ್ಮನಿಗೆ ಬಂದ್ಳು, ಕೈಯ್ಯಾಗ ಆಧಾರ್ ಕಾರ್ಡ್ ಒಂದ ಇತ್ತು. "ಅಕ್ಕಾರ, ನಾಳೆ ಜೈಲಿಗೆ ಹಾಕ್ತಾರಂತ, ಖರೇನೇನ್ರಿ?" ಖರೇ ಅಲ್ರಿ. 18 ತುಂಬದ ಮಕ್ಕಳನ್ನ ಲಾಕಪ್ಪಿಗೂ ಹಾಕೋಹಂಗಿಲ್ಲ, ಜೈಲಿಗೂ ಕಳ್ಸೋಹಂಗಿಲ್ಲ, 2015ರ ಬಾಲನ್ಯಾಯ ಕಾಯ್ದೆ 10ನೇ ಸೆಕ್ಷನ್ ಹಂಗ ಹೇಳ್ತೈತಿ.

ಅದಕ್ಕ ಮೊದ್ಲ ವಯಸ್ಸಿನ ಕಾಗದ ಹುಡುಕ್ರಿ. ಶಾಲಿ ಜನ್ಮದಿನಾಂಕದ ದಾಖಲೆ ಇಲ್ಲಾ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್, ಅವೆರಡೂ ಇಲ್ಲಂದ್ರ ಕಾರ್ಪೊರೇಷನ್ನು ಪಂಚಾಯ್ತಿ ಕೊಟ್ಟ ಜನನ ಪ್ರಮಾಣಪತ್ರ, ಯಾವ್ದೂ ಇಲ್ಲಂದ್ರಷ್ಟ ಎಲುಬಿನ ಟೆಸ್ಟು. ಆ ಪಟ್ಟ್ಯಾಗ ಆಧಾರ್ ಇಲ್ಲ. ಅವತ್ತ ನಾವು ಟ್ರಂಕಿನ ತಳದಾಗ, ಹಳೇ ರೇಷನ್ ಕಾರ್ಡಿನ ಕೆಳಗ, ಪ್ಲಾಸ್ಟಿಕ್ ಚೀಲದಾಗ ಸುತ್ತಿಟ್ಟಿದ್ದ ಮಾರ್ಕ್ಸ್ ಕಾರ್ಡ್ ಹುಡುಕಿ ತಗದ್ವಿ. ನೆನಪಿರ್ಲಿ, ತಪ್ಪು ನಡೆದ ದಿನ ಎಷ್ಟು ವಯಸ್ಸಿತ್ತು ಅನ್ನೋದ ಲೆಕ್ಕ, ಹಿಡಿದ ದಿನದ್ದಲ್ಲ.

ಸ್ಟೇಷನ್‌ನ್ಯಾಗ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಯಾರಂತ ಕೇಳ್ರಿ, ಹುಡುಗುನ್ನ ಅವ್ರ ಕೈಗೆ ಕೊಡ್ಬೇಕು. ಅಪ್ಪ ಅವ್ವಗ ಸುದ್ದಿ ಮುಟ್ಟಸೋದು ಪೊಲೀಸ್ರ ಕೆಲ್ಸ. 2016ರ ಮಾದರಿ ನಿಯಮದ ಪ್ರಕಾರ ಕೈಗೆ ಬೇಡಿ ಹಾಕ್ಬಾರ್ದು, ಹೇಳಿಕೆ ಮ್ಯಾಲ ಹುಡುಗನ ಸಹಿ ಕೇಳ್ಬಾರ್ದು. ನಮ್ಮ ಹುಡುಗಗ ಖಾಲಿ ಹಾಳಿ ಮುಂದ ಹಿಡಿದಿದ್ರು, ನಾವು ಹೋಗೂದ್ರಾಗ ಅಂವ ಹೆದರಿ ಪೆನ್ನ ಹಿಡಕೊಂಡಿದ್ದ, ಅದನ್ನ ನೆನಸ್ಕೊಂಡ್ರ ಈಗ್ಲೂ ಹೊಟ್ಟ್ಯಾಗ ಕಲಕತೈತಿ. ಸಹಿ ಮಾಡ್ಸಬ್ಯಾಡ್ರಿ ಅಂತ ಸಮಾಧಾನದ್ಲೇ ಗಟ್ಟಿ ಹೇಳ್ರಿ.

24 ತಾಸಿನೊಳಗ, ಪ್ರಯಾಣದ ಟೈಮ್ ಬಿಟ್ಟು, ಬಾಲನ್ಯಾಯ ಮಂಡಳಿ ಮುಂದ ಹಾಜರ್ ಮಾಡ್ಬೇಕು. ಅಲ್ಲಿ ಒಬ್ಬ ಮ್ಯಾಜಿಸ್ಟ್ರೇಟ್, ಇಬ್ಬರು ಸಮಾಜ ಕಾರ್ಯಕರ್ತರು ಇರ್ತಾರ, ಅವ್ರಾಗ ಒಬ್ರರ ಹೆಣಮಗಳು ಇರ್ಬೇಕು. ವಕೀಲರಿಗೆ ರೊಕ್ಕ ಇಲ್ಲಂತ ಸಾಲ ಮಾಡ್ಬ್ಯಾಡ್ರಿ, ಮಕ್ಕಳಿಗೆ ಉಚಿತ ವಕೀಲರು ಹಕ್ಕಿನ್ಯಾಗ ಸಿಗ್ತಾರ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕ ಹೋಗ್ರಿ ಇಲ್ಲಾ 15100ಕ್ಕ ಫೋನ್ ಹಚ್ರಿ.

ಜಾಮೀನಿನ ವಿಷಯ ಸರಿಯಾಗಿ ತಿಳ್ಕೋರಿ, ಯಾಕಂದ್ರ "ಇದು ನಾನ್‌ಬೇಲಬಲ್, ಬಿಡಂಗಿಲ್ಲ" ಅಂತ ಹೆದರ್ಸೋ ಮಂದಿ ಬಾಳ. ಮಕ್ಕಳಿಗೆ ಬೇಲಬಲ್, ನಾನ್‌ಬೇಲಬಲ್ ಅನ್ನೋ ಭೇದಾನ ಇಲ್ಲ, 12ನೇ ಸೆಕ್ಷನ್ ಪ್ರಕಾರ ಶ್ಯೂರಿಟಿ ಇದ್ರೂ ಇಲ್ದಿದ್ರೂ ಬಿಡ್ಬೇಕು. ಹೊರಗ ಬಿಟ್ರ ಅಪರಾಧಿಗಳ ಸಂಗ ಬೀಳ್ತಾನ, ಅವಂಗ ಅಪಾಯ ಐತಿ, ನ್ಯಾಯಕ್ಕ ಅಡ್ಡಿ ಆಕ್ಕೈತಿ ಅನ್ನೋಕ ಸರಿಯಾದ ಕಾರಣ ಇದ್ರಷ್ಟ ನಿರಾಕರಿಸ್ಬಹುದು, ಆ ಕಾರಣಾನೂ ಬರೀಬೇಕು. ಜಾಮೀನಿನ ಶರತ್ತು ಪೂರೈಸಾಕ ಆಗದ 7 ದಿನದಾಗ ಬಿಡುಗಡೆ ಆಗ್ಲಿಲ್ಲಂದ್ರ ಮಂಡಳಿ ಮುಂದ ತಿರುಗಿ ತಂದು ಶರತ್ತು ಸಡಿಲ ಮಾಡ್ಸಬಹುದು.

ಹುಡುಗನ ಬಗ್ಗೆ ಮಂಡಳಿಗೆ ವರದಿ ಕೊಡೋ ಪ್ರೊಬೇಷನ್ ಆಫೀಸರ್ ಮನಿ ಸಮಾಚಾರ ಕೇಳಾಕ ಬಂದ್ರ ಇದ್ದದ್ದು ಇದ್ದಂಗ ಹೇಳ್ರಿ, ಮುಚ್ಚಿಟ್ರ ನಮಗ ಲುಕ್ಸಾನು. ವಿಚಾರಣೆ 4 ತಿಂಗಳದಾಗ ಮುಗೀಬೇಕು, ಹೆಚ್ಚಂದ್ರ ಇನ್ನೆರಡು ತಿಂಗಳು, ಸಣ್ಣ ಅಪರಾಧ ಆಗಿ ಅಷ್ಟೊತ್ತಿಗೂ ಮುಗೀಲಿಲ್ಲಂದ್ರ ಕೇಸ್ ನಿಂತ ಹೋಗತೈತಿ. 16 ದಾಟಿದ ಹುಡುಗನ ಮ್ಯಾಲ ಕೊಲೆಯಂಥ ಘೋರ ಆರೋಪ ಇದ್ರ ದಾರಿ ಬ್ಯಾರೆ, ಅದಕ್ಕ ಮೊದಲನೇ ದಿನದಿಂದ ವಕೀಲರು ಬೇಕ ಬೇಕು. ಮಂಡಳಿ ಆದೇಶ ಒಪ್ಪಿಗಿ ಇಲ್ಲಂದ್ರ 30 ದಿನದಾಗ ಮಕ್ಕಳ ನ್ಯಾಯಾಲಯಕ್ಕ ಅಪೀಲ್ ಹಾಕ್ರಿ. ಹುಡುಗನ ಹೆಸರು, ಫೋಟೋ, ಶಾಲಿ ಹೆಸರು ಯಾರರ ವಾಟ್ಸಾಪಿನ್ಯಾಗ ಹಾಕಿದ್ರ ಸ್ಕ್ರೀನ್‌ಶಾಟ್ ತಗದ್ ಇಟ್ಕೋರಿ, 74ನೇ ಸೆಕ್ಷನ್‌ನ್ಯಾಗ ಅದು ಅಪರಾಧ, 6 ತಿಂಗಳ ತನಕ ಜೈಲು ಇಲ್ಲಾ 2 ಲಕ್ಷದ ತನಕ ದಂಡ, ಎರಡೂ ಆಗಬಹುದು.