ಹಳೆಯ ಕಮೋಡೋರ್, ಫಾಲ್ಕನ್ ಕೊಳ್ಳುವ ಮುನ್ನ

ಮೆಲ್ಬರ್ನ್‌ನಲ್ಲಿ ಮನೆಮಂದಿಗೆಲ್ಲ ಸಾಲುವಂಥ ಹಳೆಯ ಕಾರು ಹುಡುಕುತ್ತಿರುವವರೇ, ದಯವಿಟ್ಟು ಅವಸರ ಮಾಡಬೇಡಿ. ಹೋಲ್ಡನ್ ಕಂಪನಿಯ ವಿಇ ಮಾದರಿಯ ಕಮೋಡೋರ್‌ನ 3.6 ಲೀಟರ್ ವಿ6 ಎಂಜಿನ್ ಆದರೆ, ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಿ ಕಿವಿಗೊಡಿ. ಮುಂಭಾಗದಲ್ಲಿ ಕಟಕಟ ಸದ್ದು ಬಂದರೆ ಟೈಮಿಂಗ್ ಚೈನ್ (ಎಂಜಿನ್ ಕವಾಟಗಳನ್ನು ಸರಿಯಾದ ಹೊತ್ತಿಗೆ ತೆರೆಸಿ ಮುಚ್ಚಿಸುವ ಸರಪಳಿ) ಸಡಿಲವಾಗಿರಬಹುದು. ಆ ರಿಪೇರಿ ಬಲು ದುಬಾರಿ. ನೀವು ಹೋಗುವಷ್ಟರಲ್ಲಿ ಎಂಜಿನ್ ಬಿಸಿಯಾಗಿದ್ದರೆ ಇನ್ನೊಂದು ದಿನ ಹೋಗಿ.

2016ರಲ್ಲಿ ತಯಾರಿಕೆ ನಿಂತರೂ ನನ್ನ ಒಲವು ಫೋರ್ಡ್ ಕಂಪನಿಯ ಫಾಲ್ಕನ್‌ನ ನಾಲ್ಕು ಲೀಟರ್, ಆರು ಸಿಲಿಂಡರ್ ಎಂಜಿನ್ನಿಗೇ, ಅದು ಗಟ್ಟಿ. ಆದರೆ ಆರು ಗೇರಿನ ಆಟೋಮ್ಯಾಟಿಕ್‌ನಲ್ಲಿ ಕೂಲೆಂಟ್ (ಎಂಜಿನ್ ತಂಪಾಗಿಸುವ ದ್ರವ) ಗೇರ್‌ಬಾಕ್ಸ್ ಎಣ್ಣೆಯೊಂದಿಗೆ ಬೆರೆಯುವ ಕಾಯಿಲೆಯಿದೆ. ತಣ್ಣಗಿರುವಾಗ ಕೂಲೆಂಟ್ ಮುಚ್ಚಳ ತೆಗೆದು ನೋಡಿ; ಗುಲಾಬಿ ಲಸ್ಸಿಯಂತಿದ್ದರೆ ಬೇಡವೇ ಬೇಡ.

ದುಡ್ಡು ಕೊಡುವ ಮೊದಲು ಸರ್ಕಾರಿ ಪಿಪಿಎಸ್‌ಆರ್ (ಸಾಲಕ್ಕೆ ಒತ್ತೆಯಾದ ಸ್ವತ್ತುಗಳ ದಾಖಲೆ) ಜಾಲತಾಣದಲ್ಲಿ ಸಾಲ ಬಾಕಿಯಿದೆಯೇ, ಕಳವಿನದೇ ಎಂದು ಪರೀಕ್ಷಿಸಿ. ಖರ್ಚು 2 ಡಾಲರ್ ಅಷ್ಟೇ.